ಅರೆಂಗ ಕೊಳದ ಬಳಿ ಎರಡು ಬೆಳಗು

ನಮ್ಮ ಮಲೆನಾಡಿನ ಸಿಳ್ಳಾರ ಹಕ್ಕಿ ಗೊತ್ತಲ್ವಾ? ಮಳೆಗಾಲದಲ್ಲಿ ನಸುಕಿಗೇ ಎದ್ದು, ಹಳ್ಳದ ಬದಿ ಯಾರೋ ಹುಡುಗ ಸುಮ್ನೆ ಶಿಳ್ಳೆ ಹೊಡೆಯುತ್ತಾ ಹೋದ ಹಾಗೆ ಹಾಡುತ್ತದೆ. ಅದರ ನೆಂಟನೊಬ್ಬ, ಶ್ರೀಲಂಕಾ ಸಿಳ್ಳಾರ, ಶ್ರೀಲಂಕಾದ ಬೆಟ್ಟದ ಕಾಡುಗಳಲ್ಲಿದ್ದಾನೆ, ಭೂಮಿಯ ಮೇಲೆ ಬೇರೆಲ್ಲೂ ಇಲ್ಲ. ಅವನಿಗಾಗಿಯೇ ನಾನು ಅಲ್ಲಿನ ಬೆಟ್ಟದೂರು ನುವರ ಎಲಿಯಕ್ಕೆ ಹೋಗಿದ್ದು.

ಪಟ್ಟಿಪೊಳ ಕಡೆಯಿಂದ ಹಾರ್ಟನ್ ಪ್ಲೇನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹತ್ತುವ ರಸ್ತೆಯ ಬದಿಯಲ್ಲೇ ಒಂದು ಸಣ್ಣ ಕೊಳ, ಅರೆಂಗ ಪೂಲ್. ಹಳೆಯ ಪುಸ್ತಕಗಳಲ್ಲಿ ಈ ಹಕ್ಕಿಯ ವೈಜ್ಞಾನಿಕ ಹೆಸರು ಅರೆಂಗ ಬ್ಲೈಯಿ ಅಂತಿತ್ತು, ಕೊಳದ ಹೆಸರು ಅಲ್ಲಿಂದ ಬಂದಿದ್ದು.

ಮೊದಲ ದಿನ ತಲುಪಿದಾಗ ಆರೂವರೆ. ಬೆಳಕು ಹರಿದಿತ್ತು, ಪ್ರವಾಸಿಗಳ ವ್ಯಾನುಗಳು ಸಾಲಾಗಿ ಹತ್ತುತ್ತಿದ್ದವು. ಎರಡು ಗಂಟೆ ಕಾದೆ. ಬೂದು-ನೀಲಿ ನೊಣಹಿಡುಕ ಬಂತು, ಹಳದಿ ಕಿವಿಯ ಪಿಕಳಾರ ಬಂತು, ಇವನು ಬರಲಿಲ್ಲ. ತಡವಾಗಿ ಬಂದಿದ್ದು ಒಂದು ತಪ್ಪು. ಅದಕ್ಕಿಂತ ದೊಡ್ಡ ತಪ್ಪು ನನ್ನ ಕಿವಿಯದು. ಆಗುಂಬೆಯಲ್ಲಿ ಕೇಳಿದ ಆ ಉದ್ದನೆಯ ರಾಗಕ್ಕಾಗಿ ಕಾಯುತ್ತಾ ಕೂತಿದ್ದೆ. ಇವನ ಕೂಗು ಹಾಗಿಲ್ಲ, ಸೂಜಿಯ ಹಾಗೆ ಸಣ್ಣಗೆ, ಚೂಪಾಗಿ, 'ಸ್ರೀ' ಅಂತ ಒಂದೆಳೆ ಅಷ್ಟೇ. ರಾತ್ರಿ ರೂಮಿನಲ್ಲಿ ಕೂತು ಆ ಕೂಗಿನ ರೆಕಾರ್ಡಿಂಗ್ ಇಪ್ಪತ್ತು ಸಲ ಕೇಳಿದೆ.

ಮರುದಿನ ಕತ್ತಲಲ್ಲೇ ಅಲ್ಲಿದ್ದೆ. ಟಾರ್ಚ್ ಹಾಕಲಿಲ್ಲ. ಫೋನಿನಲ್ಲಿ ಕೂಗು ನುಡಿಸಿ ಕರೆಯಲೂ ಇಲ್ಲ, ಮೊದಲೇ ಅಳಿವಿನಂಚಿನ ಹಕ್ಕಿ, ಕಾಫಿ-ಚಹಾ ತೋಟಗಳಿಗೆ ಕಾಡು ಹೋಗಿ ಉಳಿದ ಚೂರುಗಳಲ್ಲಿ ಬದುಕುತ್ತಿದೆ, ಅದರ ಗಡಿಯೊಳಗೆ ಸುಳ್ಳು ಎದುರಾಳಿಯನ್ನು ತಂದು ನಿಲ್ಲಿಸೋದು ನನಗೆ ಸರಿ ಕಾಣೋದಿಲ್ಲ. ಚಳಿಗೆ ಬೆರಳು ಮರಗಟ್ಟಿದ್ದವು. ಆರಕ್ಕೆ ಮುಂಚೆಯೇ ಮಂಜಿನೊಳಗಿಂದ ಆ ಎಳೆ ಕೇಳಿಸಿತು. ಮತ್ತೊಂದು ಸಲ, ಇನ್ನೂ ಹತ್ತಿರ.

ನೀರಿನಂಚಿನ ಪಾಚಿ ಕಟ್ಟಿದ ಕೊಂಬೆಗೆ ಬಂದು ಕೂತ. ನಮ್ಮದಕ್ಕಿಂತ ಚಿಕ್ಕವನು, ಬಾಲದ ತುದಿವರೆಗೆ ಇಪ್ಪತ್ತು ಸೆಂಟಿಮೀಟರ್ ಇದ್ದಾನು. ಮೊದಲು ಬರೀ ಕಪ್ಪು ನೆರಳು. ಬೆಳಕು ತುಸು ಏರಿದ ಮೇಲೆ ಭುಜದ ಮೇಲಿನ ನೀಲಿ ಹೊಳೆಯಿತು, ಆ ನೀಲಿಯನ್ನು ಮಾತ್ರ ನಮ್ಮವನ ಹಣೆಯಲ್ಲೂ ನೋಡಿದ್ದೆ. ಬಾಲ ಬಿಚ್ಚಿದ, ಮುಚ್ಚಿದ, ಕೆಳಗಿಳಿದು ಒದ್ದೆ ಎಲೆ ಕೆದಕಿದ. ನಾನು ಕ್ಯಾಮೆರಾ ಎತ್ತಲೇ ಇಲ್ಲ. ಕೆಳಗಿನ ತಿರುವಿನಲ್ಲಿ ಮೊದಲ ವ್ಯಾನಿನ ಸದ್ದಾದ ತಕ್ಷಣ ಪೊದೆಯೊಳಗೆ ಹೋದ.