ದಾಳಿಂಬೆ ಸಿಪ್ಪೆಯಿಂದ ಬೆಳ್ಳಿ ನ್ಯಾನೋ ಕಣ: ಬಣ್ಣ ಬಂದರೆ ಸಾಲದು

ಧಾರವಾಡದಲ್ಲಿ ಎಂಎಸ್ಸಿ ಪ್ರಾಜೆಕ್ಟಿಗೆ ನಾನು ದಾಳಿಂಬೆ ಸಿಪ್ಪೆಯನ್ನೇ ಹಿಡಿದಿದ್ದು ಅದರಲ್ಲಿ ಟ್ಯಾನಿನ್, ಅಂದರೆ ಒಗರು ಕೊಡುವ ಅಂಶ, ಜಾಸ್ತಿ ಅಂತ. ಸಿಲ್ವರ್ ನೈಟ್ರೇಟ್ ಎಂಬ ಲವಣದಲ್ಲಿರುವ ಬೆಳ್ಳಿಯನ್ನು ಕಣ್ಣಿಗೆ ಕಾಣದಷ್ಟು ಸಣ್ಣ ನ್ಯಾನೋ ಕಣವಾಗಿಸುವುದು, ಆ ಕಣಗಳು ಒಂದಕ್ಕೊಂದು ಅಂಟದಂತೆ ತಡೆಯುವುದು, ಎರಡನ್ನೂ ಸಿಪ್ಪೆಯ ಕಷಾಯವೇ ಮಾಡುತ್ತದೆ. ಸಿಪ್ಪೆ ಸಿಗುತ್ತಿದ್ದದ್ದು ಹುಬ್ಬಳ್ಳಿಯ ಒಂದು ಜ್ಯೂಸ್ ಅಂಗಡಿಯಲ್ಲಿ. "ಎಮ್ಮಿಗೆ ಹಾಕ್ತೀರೇನ್ರಿ?" ಎಂದು ಅಂಗಡಿಯವರು ಕೇಳುತ್ತಿದ್ದರು. ಹೂಂ ಅಂದುಬಿಡುತ್ತಿದ್ದೆ. ಹಿಂದೆ ಗಿರಾಕಿಗಳು ಕಾಯುತ್ತಿರುವಾಗ ನ್ಯಾನೋ ಪುರಾಣ ಯಾರಿಗೆ ಬೇಕು?

ಸಿಪ್ಪೆ ತೊಳೆದು, ನೆರಳಲ್ಲಿ ಒಣಗಿಸಿ, ಪುಡಿ ಮಾಡಿ. 100 ಮಿ.ಲೀ. ಡಿಸ್ಟಿಲ್ಡ್ ನೀರಿಗೆ 5 ಗ್ರಾಂ ಪುಡಿ ಹಾಕಿ, ಕಾಲು ಗಂಟೆ ಕುದಿಸಿ, ಫಿಲ್ಟರ್ ಪೇಪರಿನಲ್ಲಿ ಸೋಸಿ. ಸಿಲ್ವರ್ ನೈಟ್ರೇಟ್ 1 ಮಿಲಿಮೋಲಾರ್ ಸಾಕು, ಅಂದರೆ 100 ಮಿ.ಲೀ.ಗೆ 17 ಮಿ.ಗ್ರಾಂ. ಇದಕ್ಕೆ ನಲ್ಲಿ ನೀರು ನಡೆಯುವುದಿಲ್ಲ. ಅದರಲ್ಲಿನ ಕ್ಲೋರೈಡಿಗೆ ದ್ರಾವಣ ಬೆಳ್ಳಗೆ ಕದಡುತ್ತದೆ. ಗ್ಲೌಸ್ ಹಾಕದಿದ್ದರೆ ಬೆರಳಿಗೆ ಕಪ್ಪು ಕಲೆ, ಸೋಪಿಗೂ ಬಗ್ಗುವುದಿಲ್ಲ.

ಒಂದು ಪಾಲು ಕಷಾಯ, ಒಂಬತ್ತು ಪಾಲು ದ್ರಾವಣ. ತಿಳಿ ಹಳದಿ ನೋಡನೋಡುತ್ತ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ. ಲ್ಯಾಬಿನಲ್ಲಿ ಎಲ್ಲರೂ ಮೊಬೈಲ್ ತೆಗೆಯುವುದು ಆಗಲೇ. ಆದರೆ ಈ ಕಷಾಯ ಸುಮ್ನೆ ಇಟ್ಟರೂ ಕಂದಾಗುತ್ತದೆ, ಬಣ್ಣವನ್ನಷ್ಟೇ ನಂಬಬೇಡಿ. ದ್ರಾವಣ ಯಾವ ಬೆಳಕನ್ನು ಎಷ್ಟು ಹೀರುತ್ತದೆ ಎಂದು ಅಳೆಯುವ ಯುವಿ-ವಿಸಿಬಲ್ ಯಂತ್ರದಲ್ಲಿ 400ರಿಂದ 450 ನ್ಯಾನೋಮೀಟರ್ ತರಂಗಾಂತರದ ನಡುವೆ ಪೀಕ್ ಬರಬೇಕು, ಬೆಳ್ಳಿ ಕಣದ ಗುರುತು ಅದು.

ನಿಜವಾದ ತಲೆನೋವು ಈ ಕಣಗಳು ಬ್ಯಾಕ್ಟೀರಿಯಾ ಕೊಲ್ಲುತ್ತವೆಯೇ ಎಂದು ನೋಡುವ ಪರೀಕ್ಷೆ. ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿಯಂಥ ಅಗಾರ್ ಪ್ಲೇಟಿನ ಮೇಲೆ ಇ. ಕೋಲಿ ಬ್ಯಾಕ್ಟೀರಿಯಾ ಹರಡಿ, ಸಣ್ಣ ಕುಳಿ ಕೊರೆದು, ಸ್ಯಾಂಪಲ್ ಬಿಟ್ಟು, 37 ಡಿಗ್ರಿಯಲ್ಲಿ ರಾತ್ರಿಯಿಡೀ ಇಟ್ಟರೆ ಬೆಳಿಗ್ಗೆ ಕುಳಿಯ ಸುತ್ತ ಬ್ಯಾಕ್ಟೀರಿಯಾ ಬೆಳೆಯದ ಬೋಳು ಉಂಗುರ. ಖುಷಿಯೇನೋ ಆಗುತ್ತದೆ. ಆದರೆ ಕೊಂದಿದ್ದು ಯಾರು? ದಾಳಿಂಬೆ ಸಿಪ್ಪೆಗೇ ಆ ಗುಣವಿದೆ. ಕಣವಾಗದೆ ಉಳಿದ ಸಿಲ್ವರ್ ನೈಟ್ರೇಟಂತೂ ಕೊಂದೇ ಕೊಲ್ಲುತ್ತದೆ. ಹಾಗಾಗಿ ಅದೇ ಪ್ಲೇಟಿನಲ್ಲಿ ಬರೀ ಕಷಾಯಕ್ಕೊಂದು, ಬರೀ ಸಿಲ್ವರ್ ನೈಟ್ರೇಟಿಗೊಂದು ಕುಳಿ ಬೇಕೇ ಬೇಕು. ಇವೆರಡೂ ಇಲ್ಲದ ಪ್ರಾಜೆಕ್ಟ್ ರಿಪೋರ್ಟುಗಳನ್ನು ನಾನು ಪಕ್ಕಕ್ಕಿಡುತ್ತೇನೆ.

ಉಳಿದ ಕಷಾಯ, ಸಿಲ್ವರ್ ನೈಟ್ರೇಟ್ ಹೋಗಲೆಂದು ಕಣಗಳನ್ನು ಸೆಂಟ್ರಿಫ್ಯೂಜಿನಲ್ಲಿ (ಗಿರ್ರನೆ ತಿರುಗಿಸಿ ಕಣಗಳನ್ನು ತಳಕ್ಕೆ ಕೂರಿಸುವ ಯಂತ್ರ) 10,000 ಆರ್‌ಪಿಎಂ, ಅಂದರೆ ನಿಮಿಷಕ್ಕೆ ಅಷ್ಟು ಸುತ್ತು, ತಿರುಗಿಸಿ, ಮೇಲಿನ ನೀರು ಚೆಲ್ಲದೆ ಬೇರೆ ಬಾಟಲಿಗೆ ಬಸಿದು, ಹೊಸ ಡಿಸ್ಟಿಲ್ಡ್ ನೀರಲ್ಲಿ ಕಲಸಿ ಮತ್ತೆ ತಿರುಗಿಸುತ್ತಿದ್ದೆ. ಕೊನೆಯ ಸಲ ತೊಳೆದ ನೀರಿಗೂ ಒಂದು ಕುಳಿ. ಅಲ್ಲಿ ಉಂಗುರ ಕಂಡರೆ ಇನ್ನೊಮ್ಮೆ ತೊಳೆಯಲೇಬೇಕು.