ಪ್ಲಾನ್ ಬದಲಿಸುವ ಮುನ್ನ ಪಿಂಗ್ ಮಾಡಿ

ವಿಡಿಯೊ ಕರೆಯ ನಡುವೆ ಮಾತು ತುಂಡಾದರೆ ಬಹಳಷ್ಟು ಮನೆಗಳಲ್ಲಿ ನಡೆಯುವುದು ಒಂದೇ. ಸ್ಪೀಡ್ ಟೆಸ್ಟ್ ಮಾಡುತ್ತಾರೆ, 50 ಎಂಬಿಪಿಎಸ್ ಬರುತ್ತದೆ, ಸಾಲದು ಎಂದುಕೊಂಡು 100ರ ಪ್ಲಾನಿಗೆ ಹೋಗುತ್ತಾರೆ. ಆಮೇಲೂ ಮಾತು ತುಂಡಾಗುತ್ತಲೇ ಇರುತ್ತದೆ. ಸಾಮಾನ್ಯ ವಿಡಿಯೊ ಕರೆಗೆ ಮೂರು–ನಾಲ್ಕು ಎಂಬಿಪಿಎಸ್ ಧಾರಾಳ. ತೊಂದರೆ ಬೇರೆ ಕಡೆ ಇರುತ್ತದೆ, ಅದನ್ನು ಯಾರೂ ಅಳೆದಿರುವುದಿಲ್ಲ.

ಸಂಪರ್ಕಕ್ಕೆ ಎರಡು ಅಳತೆಗಳು. ಒಂದು ಸೆಕೆಂಡಿನಲ್ಲಿ ಎಷ್ಟು ಡೇಟಾ ನಿಜವಾಗಿ ದಾಟಿತು ಎಂಬುದು ಥ್ರೂಪುಟ್. ಒಂದು ಪ್ಯಾಕೆಟ್, ಅಂದರೆ ಡೇಟಾದ ಒಂದು ಚಿಕ್ಕ ತುಂಡು, ಹೋಗಿ ಉತ್ತರ ಬರಲು ಎಷ್ಟು ಹೊತ್ತಾಯಿತು ಎಂಬುದು ವಿಳಂಬ. ಇದರ ಲೆಕ್ಕ ಮಿಲಿಸೆಕೆಂಡುಗಳಲ್ಲಿ; ಅದನ್ನು ಅಳೆಯುವ ಪುಟ್ಟ ಕಮಾಂಡ್ ಪಿಂಗ್. ಒಂದು ಚೆನ್ನಾಗಿದ್ದು ಇನ್ನೊಂದು ಕೆಟ್ಟಿರಬಹುದು. ಭೂಮಿಯಿಂದ 35,786 ಕಿ.ಮೀ. ಎತ್ತರದ ಭೂಸ್ಥಿರ ಉಪಗ್ರಹದ ಸಂಪರ್ಕ ಎಷ್ಟೇ ಎಂಬಿಪಿಎಸ್ ಕೊಟ್ಟರೂ ಉತ್ತರ ಬರಲು ಅರ್ಧ ಸೆಕೆಂಡಿನ ಆಸುಪಾಸು ಬೇಕೇ ಬೇಕು.

ಹಂತ 1: ವೈಫೈ ಬಿಡಿ, ಕೇಬಲ್ ಹಾಕಿ

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ನೇರವಾಗಿ ರೂಟರಿಗೆ ಜೋಡಿಸಿ, ವೈಫೈ ಆರಿಸಿ. ವೈಫೈ ಮೇಲೆ ಅಳೆದರೆ ಗೋಡೆಯ ದೋಷ ಯಾವುದು, ಲೈನಿನ ದೋಷ ಯಾವುದು ಎಂದು ತಿಳಿಯುವುದಿಲ್ಲ. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ, ಒಳಗೆ ನಾಲ್ಕೇ ತಂತಿಗಳಿರುವ ಕೇಬಲ್ ಬೇಡ. ಅದು 100 ಎಂಬಿಪಿಎಸ್ ದಾಟುವುದಿಲ್ಲ. ಎಂಟು ತಂತಿಗಳ ಕ್ಯಾಟ್ 5ಇ ಅಥವಾ ಕ್ಯಾಟ್ 6 ಕೇಬಲ್ ಕೊಳ್ಳಿ. ರೂಟರ್ ಡಬ್ಬಿಯ ಮೇಲಿನ 300 ಎಂಬ ದೊಡ್ಡ ಸಂಖ್ಯೆ ಸಾಮಾನ್ಯವಾಗಿ ವೈಫೈಗೆ ಸಂಬಂಧಿಸಿದ್ದು. ಅಂಥ ಹಲವು ರೂಟರುಗಳ ಕೇಬಲ್ ಪೋರ್ಟ್ 100ಕ್ಕೇ ನಿಲ್ಲುತ್ತದೆ.

ಹಂತ 2: ಬಿಟ್ ಮತ್ತು ಬೈಟ್

ಪ್ಲಾನಿನ ಎಂಬಿಪಿಎಸ್ ಎಂದರೆ ಸೆಕೆಂಡಿಗೆ ಇಷ್ಟು ಮೆಗಾಬಿಟ್; ಡೌನ್‌ಲೋಡ್ ತೋರಿಸುವ ಎಂಬಿ ಎಂದರೆ ಮೆಗಾಬೈಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್. 100 ಎಂಬಿಪಿಎಸ್ ಲೈನಿನಲ್ಲಿ ಡೌನ್‌ಲೋಡ್ ಸೆಕೆಂಡಿಗೆ 12.5 ಎಂಬಿ ತೋರಿಸಿದರೆ ಎಲ್ಲವೂ ಸರಿಯಾಗಿದೆ.

ಹಂತ 3: ಲೈನ್ ಖಾಲಿ ಇದ್ದಾಗಿನ ವಿಳಂಬ

ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಪಿಂಗ್ ಎಂಬ ಪದವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದು, ಜಾಗ ಬಿಟ್ಟು ರೂಟರಿನ ವಿಳಾಸ ಕೊಡಿ. ಹೆಚ್ಚಾಗಿ ಅದು 192.168.1.1 ಅಥವಾ 192.168.0.1. ಕೇಬಲ್ಲಿನಲ್ಲಿ ಇದು ಒಂದು ಮಿಲಿಸೆಕೆಂಡಿನ ಆಚೀಚೆ ಇರಬೇಕು. ಆಮೇಲೆ ಹೊರಗಿನ 8.8.8.8 ವಿಳಾಸಕ್ಕೆ (ಅದು ಗೂಗಲ್‌ನ ಸಾರ್ವಜನಿಕ ಸರ್ವರ್) ಪಿಂಗ್ ಮಾಡಿ. ವಿಂಡೋಸ್ ನಾಲ್ಕೇ ಸಲ ಕಳುಹಿಸಿ ನಿಂತುಬಿಡುತ್ತದೆ, ನಾಲ್ಕರಿಂದ ಏನೂ ತಿಳಿಯುವುದಿಲ್ಲ. ವಿಳಾಸದ ಮುಂದೆ ಜಾಗ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿದಂತೆ ಟಿ ಅಕ್ಷರ ಹಾಕಿದರೆ ನೀವು ಕಂಟ್ರೋಲ್ ಕೀ ಹಿಡಿದು ಸಿ ಒತ್ತುವವರೆಗೂ ಓಡುತ್ತಿರುತ್ತದೆ. ಸರಾಸರಿಗಿಂತ ಹೆಚ್ಚು ಮುಖ್ಯವಾದದ್ದು ಅತಿ ದೊಡ್ಡ ಸಂಖ್ಯೆ, ಮತ್ತು ಉತ್ತರವೇ ಬಾರದ ಸಾಲುಗಳು.

ದೂರಕ್ಕೆ ಮದ್ದಿಲ್ಲ. ಫೈಬರ್ ಒಳಗೆ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿ.ಮೀ. ಹೋಗುತ್ತದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 14,000 ಕಿ.ಮೀ.; ಹೋಗಿ ಬರಲು ಕನಿಷ್ಠ 140 ಮಿಲಿಸೆಕೆಂಡ್. ಕೇಬಲ್ ನೇರ ಗೆರೆಯಲ್ಲಿ ಹೋಗುವುದಿಲ್ಲವಾದ್ದರಿಂದ 200 ದಾಟಿದರೂ ಆಶ್ಚರ್ಯವಿಲ್ಲ. ಕ್ಯಾಲಿಫೋರ್ನಿಯಾದಲ್ಲಿರುವ ಮಗಳ ಜೊತೆ ಮಾತನಾಡುವಾಗಿನ ಆ ಸಣ್ಣ ತಡವನ್ನು ಯಾವ ಪ್ಲಾನೂ ಅಳಿಸಲಾರದು.

ಹಂತ 4: ಲೈನ್ ತುಂಬಿದಾಗಿನ ವಿಳಂಬ

ಎಲ್ಲರೂ ಎಡವುವುದು ಇಲ್ಲಿಯೇ. ಖಾಲಿ ಲೈನಿನಲ್ಲಿ 12 ಮಿಲಿಸೆಕೆಂಡ್ ಕಂಡು ಸಮಾಧಾನಪಟ್ಟುಕೊಳ್ಳುತ್ತಾರೆ. ಆದರೆ ಕರೆ ಕೆಡುವುದು ಲೈನ್ ಖಾಲಿ ಇದ್ದಾಗಲ್ಲ. ಪಕ್ಕದ ಕೋಣೆಯಲ್ಲಿ ಯಾರದೋ ಮೊಬೈಲ್ ಫೋಟೊಗಳನ್ನು ಕ್ಲೌಡ್‌ಗೆ ಏರಿಸಲು ಶುರು ಮಾಡಿದಾಗ.

ಮೊದಲು 8.8.8.8ಕ್ಕೆ ನಿಲ್ಲದ ಪಿಂಗ್ ಶುರು ಮಾಡಿ, ಅರ್ಧ ನಿಮಿಷ ಓಡಲು ಬಿಡಿ. ಅದು ಓಡುತ್ತಿರುವಂತೆಯೇ ಒಂದು ಜಿಬಿಗಿಂತ ದೊಡ್ಡ ವಿಡಿಯೊವನ್ನು ಕ್ಲೌಡ್‌ಗೆ ಅಪ್‌ಲೋಡ್ ಮಾಡಿ. ಚಿಕ್ಕ ಫೈಲ್ ಹಾಕಬೇಡಿ, ಲೈನ್ ತುಂಬುವ ಮೊದಲೇ ಮುಗಿದುಹೋಗುತ್ತದೆ. ಕನಿಷ್ಠ ಒಂದು ನಿಮಿಷ ಪರದೆ ನೋಡಿ. 12 ಇದ್ದದ್ದು 25–30 ಆದರೆ ನಿಮ್ಮ ಲೈನ್ ಚೆನ್ನಾಗಿದೆ. 100 ದಾಟಿದರೆ ಮಾತಿನಲ್ಲಿ ಗೊತ್ತಾಗುತ್ತದೆ. 300, 500 ಎಂದು ಏರುತ್ತಾ ಹೋದರೆ ರೋಗ ಸಿಕ್ಕಿತು. ಧ್ವನಿ ಕರೆಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಒಳಗಿರಲಿ ಎಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಅಪ್‌ಲೋಡ್ ಮುಗಿದ ಮೇಲೆ ಡೌನ್‌ಲೋಡಿಗೂ ಇದೇ ಪರೀಕ್ಷೆ ಮಾಡಿ. ಎರಡನ್ನೂ ಒಟ್ಟಿಗೆ ಮಾಡಿದರೆ ಯಾವ ದಿಕ್ಕು ಕೆಟ್ಟಿದೆ ಎಂದು ಹೇಳಲಾಗದು.

ಹೀಗೇಕಾಗುತ್ತದೆ? ಲೈನ್ ಹೊರುವುದಕ್ಕಿಂತ ಹೆಚ್ಚು ಪ್ಯಾಕೆಟ್ ಬಂದರೆ ಮೋಡೆಮ್ ಅವನ್ನು ತಾತ್ಕಾಲಿಕ ಸಂಗ್ರಹವಾದ ತನ್ನ ಬಫರ್‌ನಲ್ಲಿ ಸಾಲಾಗಿ ನಿಲ್ಲಿಸುತ್ತದೆ. ಫೈಲ್ ಕಳುಹಿಸುವ ನಿಯಮಾವಳಿಯಾದ ಟಿಸಿಪಿ ಸಾಮಾನ್ಯವಾಗಿ ಪ್ಯಾಕೆಟ್ ಕಳೆದುಹೋಗುವವರೆಗೂ ವೇಗ ಹೆಚ್ಚಿಸುತ್ತಲೇ ಇರುತ್ತದೆ. ಬಫರ್ ದೊಡ್ಡದಿದ್ದರೆ ಪ್ಯಾಕೆಟ್ ಕಳೆಯುವುದೇ ಇಲ್ಲ, ಸಾಲು ಬೆಳೆಯುತ್ತದೆ. 10 ಎಂಬಿಪಿಎಸ್ ಅಪ್‌ಲೋಡ್ ಇರುವಲ್ಲಿ ಒಂದು ಎಂಬಿ ಸಾಲು ನಿಂತರೆ ಕೊನೆಯ ಪ್ಯಾಕೆಟ್ 800 ಮಿಲಿಸೆಕೆಂಡ್ ಕಾಯಬೇಕು. ನಿಮ್ಮ ಧ್ವನಿಯ ಪ್ಯಾಕೆಟ್ ಆ ಸಾಲಿನ ಹಿಂದೆಯೇ ನಿಲ್ಲುತ್ತದೆ. ಅಮೆರಿಕದ ಎಂಜಿನಿಯರ್ ಜಿಮ್ ಗೆಟಿಸ್ 2010ರ ಸುಮಾರಿಗೆ ತಮ್ಮ ಮನೆಯ ಸಂಪರ್ಕದಲ್ಲಿಯೇ ಇದನ್ನು ಪತ್ತೆಹಚ್ಚಿ ಬಫರ್‌ಬ್ಲೋಟ್ ಎಂದು ಕರೆದರು. 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ವ್ಯಾನ್ ಜೇಕಬ್ಸನ್ ಕೋಡೆಲ್ ಎಂಬ ಪರಿಹಾರ ಪ್ರಕಟಿಸಿದರು: ಸಾಲು ಎಷ್ಟು ಉದ್ದವಿದೆ ಎಂದಲ್ಲ, ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಎಂದು ನೋಡಿ, ಅತಿಯಾದರೆ ಕೈಬಿಡುವ ವಿಧಾನ ಅದು.

ಅವಸರವಿದ್ದವರಿಗೆ ಒಂದು ಅಡ್ಡದಾರಿ: ಫಾಸ್ಟ್ ಡಾಟ್ ಕಾಮ್ ಪುಟದಲ್ಲಿ ಹೆಚ್ಚಿನ ಮಾಹಿತಿ ಕೇಳಿದರೆ ಲೈನ್ ಖಾಲಿ ಇದ್ದಾಗಿನ, ತುಂಬಿದಾಗಿನ ವಿಳಂಬ ಎರಡೂ ಬರುತ್ತವೆ. ಆದರೂ ನಾನು ಪಿಂಗ್ ಪರವೇ. ಏರಿಳಿತ ಸಾಲುಸಾಲಾಗಿ ಕಣ್ಣಿಗೆ ಕಾಣುತ್ತದೆ.

ಹಂತ 5: ಸರಿಪಡಿಸಿ

ರೂಟರಿನ ಸೆಟ್ಟಿಂಗ್ಸ್‌ನಲ್ಲಿ ಎಸ್‌ಕ್ಯೂಎಂ ಅಥವಾ ಕ್ಯೂಒಎಸ್ ಎಂಬ, ಪ್ಯಾಕೆಟ್ ಸಾಲನ್ನು ನಿಭಾಯಿಸುವ ಸೌಲಭ್ಯ ಇದೆಯೇ ನೋಡಿ. ಇದ್ದರೆ ಸ್ಪೀಡ್ ಟೆಸ್ಟಿನಲ್ಲಿ ಅಳೆದ ವೇಗದ 85–90 ಶೇಕಡಾ ಮಿತಿ ಹಾಕಿ. ಅಪ್‌ಲೋಡ್ 20 ಬಂದಿದ್ದರೆ 17 ಅಥವಾ 18. ಆಗ ಸಾಲು ಮೋಡೆಮಿನಲ್ಲಿ ಬೆಳೆಯದೆ ನಿಮ್ಮ ರೂಟರಿನ ಹಿಡಿತಕ್ಕೆ ಬರುತ್ತದೆ. ಸ್ವಲ್ಪ ಥ್ರೂಪುಟ್ ಹೋಗುತ್ತದೆ, ಹೋಗಲಿ. ಸೌಲಭ್ಯವೇ ಇಲ್ಲದಿದ್ದರೆ ಓಪನ್‌ಡಬ್ಲ್ಯೂಆರ್‌ಟಿ ಎಂಬ ಉಚಿತ ರೂಟರ್ ತಂತ್ರಾಂಶ ಹಾಕಬಹುದಾದ ರೂಟರ್ ಕೊಳ್ಳಿ. ಅದರಲ್ಲಿ ಕೋಡೆಲ್ ಮತ್ತು ಅದರ ಮುಂದಿನ ರೂಪಗಳು ಸಿಗುತ್ತವೆ. ನಾಲ್ಕಾರು ಆಂಟೆನಾ, ಕೆಂಪು ದೀಪ ನೋಡಿ ಗೇಮಿಂಗ್ ರೂಟರಿಗೆ ಹಣ ಸುರಿಯಬೇಡಿ. ಇಂಟರ್‌ನೆಟ್ ವೇಗ ಹೆಚ್ಚಿಸುತ್ತೇವೆನ್ನುವ ಮೊಬೈಲ್ ಆ್ಯಪ್‌ಗಳನ್ನು ತೆಗೆದುಹಾಕಿ, ಸಾಲು ಇರುವ ಜಾಗಕ್ಕೆ ಅವುಗಳ ಕೈ ಎಟುಕುವುದಿಲ್ಲ. ಮಿತಿ ಹಾಕಿದ ಮೇಲೆ ನಾಲ್ಕನೇ ಹಂತವನ್ನು ಮತ್ತೆ ಮಾಡಿ. ವಿಳಂಬ ಇನ್ನೂ ಏರುತ್ತಿದ್ದರೆ ಮಿತಿಯನ್ನು ಇನ್ನಷ್ಟು ಇಳಿಸಿ.

ರೂಟರಿಗೆ ಪಿಂಗ್ ಸರಿಯಿದ್ದು, ಮನೆಯಲ್ಲಿ ಯಾರೂ ಏನೂ ಬಳಸದಿರುವಾಗಲೂ ಹೊರಗಿನ ಪಿಂಗ್ ಸಂಜೆ ಹೊತ್ತು ಏರುತ್ತಿದ್ದರೆ ದೋಷ ಸೇವಾದಾರರದ್ದು. ಬೆಳಿಗ್ಗೆಯದೊಂದು, ರಾತ್ರಿ ಒಂಬತ್ತರದೊಂದು ಪಿಂಗ್ ಫಲಿತಾಂಶದ ಪರದೆಯ ಚಿತ್ರ ತೆಗೆದು ದೂರಿನ ಜೊತೆ ಲಗತ್ತಿಸಿ. ಬರೀ ನೆಟ್ ನಿಧಾನ ಎಂದರೆ ಅವರು ಸ್ಪೀಡ್ ಟೆಸ್ಟ್ ಮಾಡಿ ತೋರಿಸಿ ದೂರು ಮುಚ್ಚುತ್ತಾರೆ.