‘ಪೆಸ್ಟರ್’ ಎಂಬ ಕ್ರಿಯಾಪದವನ್ನು ನಾನು ಕಲಿಸಿದ ಬಗೆ

ಹಾವೇರಿ ಜಿಲ್ಲೆಯ ಒಂದು ಕನ್ನಡ ಮಾಧ್ಯಮ ಪ್ರೌಢಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತೇನೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ಪೆಸ್ಟರ್’ ಎಂಬ ಕ್ರಿಯಾಪದವನ್ನು ಮೊದಲ ಸಲ ಹೇಳಿಕೊಟ್ಟಾಗ ಹಲಗೆಯ ಮೇಲೆ ಅದರ ಮುಂದೆ ‘ಪೀಡಿಸು’ ಎಂದು ಬರೆದು, ಎರಡು ಉದಾಹರಣೆ ಕೊಟ್ಟು, ಮುಂದಿನ ಪದಕ್ಕೆ ಹೋಗಿಬಿಟ್ಟಿದ್ದೆ. ನಮ್ಮ ಸುತ್ತಲಿನವು ಹತ್ತಿ, ಮೆಣಸಿನಕಾಯಿ ಬೆಳೆಯುವ ಊರುಗಳಾದ್ದರಿಂದ ‘ಪೀಡೆನಾಶಕ’ ಎಂಬ ಮಾತು ಮಕ್ಕಳಿಗೆ ಗೊತ್ತಿತ್ತು. ‘ಪೆಸ್ಟ್’ ಎಂದರೆ ಪೀಡೆ, ‘ಪೆಸ್ಟರ್’ ಎಂದರೆ ಪೀಡಿಸು ಎಂದು ಹೊಂದಿಸಿ ಹೇಳಿದ್ದು ಅವರ ನೆನಪಿನಲ್ಲಿ ಸುಲಭವಾಗಿ ಕುಳಿತಿತು.

ಮರುದಿನ ತಿದ್ದಲು ತೆಗೆದುಕೊಂಡ ಬರೆಹಪುಸ್ತಕಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಕಂಡಿತು. ‘ಮೈ ಬ್ರದರ್ ಈಸ್ ಗಿವಿಂಗ್ ಪೆಸ್ಟರ್ ಟು ಮೈ ಫಾದರ್’ ಎಂದು ಬರೆದವರೇ ಹೆಚ್ಚು. ಕೆಂಪು ಶಾಯಿಯಲ್ಲಿ ‘ಗಿವಿಂಗ್’, ‘ಟು’ ಎರಡನ್ನೂ ಹೊಡೆದುಹಾಕುತ್ತಾ ಹೋದ ಮೇಲೆ, ಇಷ್ಟೊಂದು ಮಕ್ಕಳು ಒಂದೇ ಬಗೆಯಲ್ಲಿ ತಪ್ಪುತ್ತಿದ್ದರೆ ಅದಕ್ಕೆ ಕಾರಣ ನಾನು ಹೇಳಿಕೊಟ್ಟ ರೀತಿಯಲ್ಲೇ ಇರಬೇಕು ಎನ್ನಿಸಿತು. ನಾನು ಬರೆದದ್ದು ‘ಪೀಡಿಸು’ ಎಂದಾದರೂ ಆ ಪದ ಅವರ ಮಾತಿನಲ್ಲಿಲ್ಲ. ಅವರ ಮನಸ್ಸಿನಲ್ಲಿದ್ದದ್ದು ‘ಅಪ್ಪನಿಗೆ ಕಾಟ ಕೊಡುತ್ತಾನೆ’ ಎಂಬ ವಾಕ್ಯ. ಅದರಲ್ಲಿನ ‘ಕೊಡು’ ಎಂಬುದೇ ‘ಗಿವ್’ ಆಗಿತ್ತು, ಅಪ್ಪನಿಗೆ ಅಂಟಿಕೊಂಡ ‘ಗೆ’ ಪ್ರತ್ಯಯವೇ ‘ಟು’ ಆಗಿತ್ತು.

ಹೀಗಾಗಿ ಮರುದಿನ ಪಾಠಪುಸ್ತಕವನ್ನು ಬದಿಗಿಟ್ಟು, ಮನೆಯಲ್ಲಿ ತಮ್ಮನೋ ತಂಗಿಯೋ ಏನನ್ನಾದರೂ ಬೇಕು ಬೇಕು ಎಂದು ಬಿಡದೆ ಕೇಳಿದರೆ ನೀವು ಏನೆನ್ನುತ್ತೀರಿ ಎಂದು ಕೇಳಿದೆ. ಮೂರನೆಯ ಸಾಲಿನ ಹುಡುಗಿಯೊಬ್ಬಳು, “ಅಕ್ಕೋರ, ನಮ್ಮ ತಮ್ಮ ಸೈಕಲ್ಲಿಗೆ ಗಂಟ ಬಿದ್ದಾನ್ರಿ, ಅಪ್ಪನ ಜೀವಾ ತಿಂತಾನ್ರಿ” ಎಂದಳು. ಬೆನ್ನು ಹತ್ತುವುದು, ದುಂಬಾಲು ಬೀಳುವುದು, ರಚ್ಚೆ ಹಿಡಿಯುವುದು ಒಂದೊಂದಾಗಿ ಬಂದವು. ಎಲ್ಲವನ್ನೂ ಹಲಗೆಯ ಮೇಲೆ ಬರೆದು, ಪ್ರತಿಯೊಂದರಲ್ಲೂ ಅಪ್ಪನಿಗೆ ಯಾವ ಪ್ರತ್ಯಯ ಹತ್ತುತ್ತದೆ ಎಂದು ಮಕ್ಕಳಿಂದಲೇ ಹೇಳಿಸಿದೆ. ಅಪ್ಪನಿಗೆ ಗಂಟುಬೀಳುತ್ತಾರೆ, ಅಪ್ಪನ ಬೆನ್ನು ಹತ್ತುತ್ತಾರೆ. ಕೊನೆಗೆ ಕಿಟಕಿಯ ಬಳಿಯಿದ್ದ ಹುಡುಗನೊಬ್ಬ ‘ಕಾಡು’ ಎಂದ. ಅಪ್ಪನನ್ನು ಕಾಡುತ್ತಾನೆ! ನನಗೆ ಬೇಕಾಗಿದ್ದುದು ಆ ‘ಅನ್ನು’. ‘ಪೆಸ್ಟರ್’ ಕೂಡ ‘ಕಾಡು’ವಿನಂತೆ ಕಾಡಿಸಿಕೊಂಡವರನ್ನು ನೇರವಾಗಿ ಹಿಡಿಯುತ್ತದೆ, ನಡುವೆ ‘ಟು’ ಬರುವುದಿಲ್ಲ. ಬೇಡಿದ ವಸ್ತುವಿಗೆ ಹತ್ತುವ ‘ಗೆ’ ಮಾತ್ರ ‘ಫಾರ್’ ಆಗುತ್ತದೆ. ‘ಹಿ ಪೆಸ್ಟರ್ಸ್ ಮೈ ಫಾದರ್ ಫಾರ್ ಎ ಸೈಕಲ್.’ ಏನನ್ನಾದರೂ ಮಾಡು ಎಂದು ಕಾಡಿದರೆ ಆ ಕೆಲಸದ ಮುಂದೆ ‘ಟು’ ಬರುತ್ತದೆ, ಪ್ರಶ್ನೆ ಕೇಳಿ ಕೇಳಿ ಕಾಡಿದರೆ ‘ವಿತ್ ಕ್ವೆಶ್ಚನ್ಸ್’ ಎನ್ನಬೇಕು.

ಅಂದಿನಿಂದ ಈ ಪದವನ್ನು ಕಲಿಸುವಾಗ ಮೊದಲು ‘ಕಾಡು’ ಇರುವ ಕನ್ನಡ ವಾಕ್ಯವನ್ನು ಬರೆಸಿ, ‘ಅನ್ನು’ವಿನ ಕೆಳಗೆ ಗೆರೆ ಎಳೆಸಿ, ಆಮೇಲೆ ಇಂಗ್ಲಿಷಿಗೆ ಹೋಗುತ್ತೇನೆ. ‘ಕಾಡು’ ಎಲ್ಲ ಕಡೆಯೂ ಹೊಂದುವುದಿಲ್ಲ. ತೀರಿಹೋದವರ ನೆನಪು ಕಾಡುತ್ತದೆ ಎನ್ನುವಲ್ಲಿ ಇಂಗ್ಲಿಷಿನವರು ‘ಹಾಂಟ್’ ಎನ್ನುತ್ತಾರೆಯೇ ಹೊರತು ‘ಪೆಸ್ಟರ್’ ಎನ್ನುವುದಿಲ್ಲ. ಒಂದೇ ಸಲ ಕೇಳಿ ಸುಮ್ಮನಾದವನಿಗೂ ಈ ಪದ ಸಲ್ಲದು. ಆದ್ದರಿಂದ ‘ಎಷ್ಟು ಸಲ ಕೇಳಿದ?’ ಎಂದು ಪ್ರತಿ ವಾಕ್ಯಕ್ಕೂ ಕೇಳಿಸುತ್ತೇನೆ. ಕನ್ನಡದಲ್ಲಿ ‘ಕೇಳಿ ಕೇಳಿ’, ‘ಕೊಡಿಸು ಕೊಡಿಸು’ ಎಂದು ಜೋಡಿಯಾಗಿ ಬರುವ ಕಡೆ ‘ಕೀಪ್ಸ್ ಪೆಸ್ಟರಿಂಗ್’ ಚೆನ್ನಾಗಿ ಕೂರುತ್ತದೆ.

ಇನ್ನೊಂದು ತಪ್ಪು ಪೂರ್ತಿಯಾಗಿ ನನ್ನದು, ಅದು ವ್ಯಾಕರಣದ ತಪ್ಪಲ್ಲ. ಪತ್ರಿಕೆಯ ಸುದ್ದಿಯ ಸಾಲುಗಳನ್ನು ಇಂಗ್ಲಿಷಿಗೆ ತರುವ ಅಭ್ಯಾಸದಲ್ಲಿ ‘ವರದಕ್ಷಿಣೆಗಾಗಿ ಆಕೆಯನ್ನು ಪೀಡಿಸುತ್ತಿದ್ದರು’ ಎಂಬ ವಾಕ್ಯವಿತ್ತು. ಹುಡುಗಿಯೊಬ್ಬಳು ‘ದೆ ಪೆಸ್ಟರ್ಡ್ ಹರ್ ಫಾರ್ ಡೌರಿ’ ಎಂದು ಬರೆದಿದ್ದಳು. ಕರ್ಮಪದ ಸರಿ, ‘ಫಾರ್’ ಸರಿ, ಕಾಗುಣಿತವೂ ಸರಿ. ನಾನು ಸರಿ ಗುರುತು ಹಾಕಿದೆ. ರಾತ್ರಿ ಅಂಕ ಕೂಡಿಸುವಾಗ ಅದೇ ವಾಕ್ಯ ಮತ್ತೆ ಕಣ್ಣಿಗೆ ಬಿದ್ದಾಗ ಪೆನ್ನು ನಿಂತಿತು. ಸೈಕಲ್ಲಿಗಾಗಿ ರಚ್ಚೆ ಹಿಡಿದ ಹುಡುಗನಿಗೂ ಹೆಣ್ಣುಮಗಳೊಬ್ಬಳ ಬದುಕನ್ನು ನರಕ ಮಾಡಿದವರಿಗೂ ಒಂದೇ ಪದ ಬಳಸಲು ಆ ಮಗುವಿಗೆ ಹೇಳಿಕೊಟ್ಟವಳು ನಾನೇ ಆಗಿದ್ದೆ.

ಕನ್ನಡದ ‘ಪೀಡಿಸು’ ಭಾರವಾದ ಪದ, ಇಂಗ್ಲಿಷಿನ ‘ಪೆಸ್ಟರ್’ ಹಗುರವಾದ ಪದ. ಅದರಲ್ಲಿ ಬೇಸರವಿದೆ, ಕಿರಿಕಿರಿಯಿದೆ, ಕ್ರೌರ್ಯವಿಲ್ಲ. ಪದದ ಮೂಲವನ್ನು ಆಮೇಲೆ ಹುಡುಕಿ ಓದಿದಾಗ, ನಾನು ಹೊಂದಿಸಿ ಹೇಳಿದ್ದ ಪೀಡೆಯ ನಂಟು ಹುಟ್ಟಿನಿಂದ ಬಂದದ್ದಲ್ಲ ಎಂದೂ ತಿಳಿಯಿತು. ‘ಪೆಸ್ಟ್’ ಲ್ಯಾಟಿನ್ನಿನಲ್ಲಿ ಮಹಾಮಾರಿಗೆ ಇದ್ದ ಹೆಸರಿನಿಂದ ಬಂದದ್ದು. ‘ಪೆಸ್ಟರ್’ನ ಮೂಲವೆಂದು ಹೇಳುವುದು ಮೇಯಲು ಬಿಟ್ಟ ಪ್ರಾಣಿಯ ಕಾಲಿಗೆ ಹಗ್ಗ ಬಿಗಿಯುವುದಕ್ಕಿದ್ದ ಫ್ರೆಂಚ್ ಕ್ರಿಯಾಪದವನ್ನು, 16ನೆಯ ಶತಮಾನದಲ್ಲಿ ಇಂಗ್ಲಿಷಿಗೆ ಬಂದ ಮೇಲೆ ‘ಪೆಸ್ಟ್’ನ ಸಹವಾಸದಿಂದ ಅದು ಕಾಟದ ಅರ್ಥಕ್ಕೆ ವಾಲಿತು. ಕಾಲಿಗೆ ಹಗ್ಗ ಕಟ್ಟಿದ ದನವನ್ನು ನೋಡದ ಮಕ್ಕಳು ನಮ್ಮ ಶಾಲೆಯಲ್ಲಿಲ್ಲ. ಅದಕ್ಕೆ ಗಾಯವೇನೂ ಆಗಿರುವುದಿಲ್ಲ, ಆದರೆ ಪ್ರತಿ ಹೆಜ್ಜೆಗೂ ತೊಡಕು. ಈ ಪದದ ತೂಕವನ್ನು ತಿಳಿಸಲು ಇದಕ್ಕಿಂತ ಹತ್ತಿರದ ಚಿತ್ರ ನನಗೆ ಸಿಕ್ಕಿಲ್ಲ.

ಮರುದಿನ ಆ ಹುಡುಗಿಯ ಪುಸ್ತಕದಲ್ಲಿ ‘ಪೆಸ್ಟರ್ಡ್’ ತೆಗೆದು ‘ಹರಾಸ್ಡ್’ ಎಂದು ಬರೆಸಿ, ಇಡೀ ತರಗತಿಗೆ ಕಾರಣ ಹೇಳಿದೆ. 1983ರಲ್ಲಿ ಭಾರತೀಯ ದಂಡ ಸಂಹಿತೆಗೆ ಸೇರಿದ 498ಎ ಕಲಮು ಗಂಡನ ಮನೆಯವರ ಇಂಥ ನಡತೆಯನ್ನು ‘ಕ್ರುಯಲ್ಟಿ’ ಎಂದು ಕರೆದು, ಅದರ ವಿವರಣೆಯಲ್ಲಿ ‘ಹರಾಸ್‌ಮೆಂಟ್’ ಎಂಬ ಪದವನ್ನೇ ಬಳಸಿತ್ತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೆಯ ಕಲಮುಗಳಲ್ಲಿಯೂ ಅವೇ ಪದಗಳಿವೆ. ಬಸ್ ನಿಲ್ದಾಣದಿಂದ ಮನೆಯವರೆಗೆ ಹುಡುಗಿಯೊಬ್ಬಳ ಹಿಂದೆ ದಿನವೂ ಬರುವವನ ಬಗ್ಗೆ ದೂರು ಬರೆಯುವಾಗಲೂ ‘ಪೆಸ್ಟರ್’ ಎಂದರೆ ದೂರು ಸಡಿಲವಾಗುತ್ತದೆ ಎಂದು ಹೆಣ್ಣುಮಕ್ಕಳಿಗೆ ಒತ್ತಿ ಹೇಳುತ್ತೇನೆ.

ಕಾಗುಣಿತದಲ್ಲಿ ಒಂದೇ ಎಚ್ಚರ. ‘ರೆಫರ್’ ಎನ್ನುವಾಗ ಒತ್ತು ಕೊನೆಯಲ್ಲಿ ಬೀಳುವುದರಿಂದ ‘ರೆಫರ್ಡ್’ನಲ್ಲಿ ‘ಆರ್’ ಅಕ್ಷರ ಎರಡಾಗುತ್ತದೆ. ‘ಪೆಸ್ಟರ್’ನಲ್ಲಿ ಒತ್ತು ಮೊದಲಲ್ಲೇ ಬೀಳುವುದರಿಂದ ಒಂದೇ ‘ಆರ್’ ಸಾಕು.

ಎಲ್ಲಕ್ಕಿಂತ ತಡವಾಗಿ ಮಕ್ಕಳಿಗೆ ಒಗ್ಗುವುದು ‘ಇಂಟು’ ಬರುವ ರಚನೆ. ಕಾಡಿ ಕಾಡಿ ಕೊನೆಗೆ ಕೆಲಸ ಮಾಡಿಸಿಕೊಂಡದ್ದನ್ನು ಹೇಳಲು ಕನ್ನಡಕ್ಕೆ ‘ಇಸು’ ಪ್ರತ್ಯಯವಿದೆ: ಕೊಡಿಸಿದ, ಬರೆಸಿದಳು, ತೆಗೆಸಿದೆವು. ‘ಕಾಡಿ’ ಮತ್ತು ‘ಇಸು’ ಜೊತೆಯಾಗಿ ಬಂದ ಕಡೆ ‘ಪೆಸ್ಟರ್’ ಮತ್ತು ‘ಇಂಟು’ ಜೊತೆಯಾಗಿ ಬರುತ್ತವೆ ಎಂದು ತೋರಿಸಿ, ಪ್ರತಿಯೊಬ್ಬರೂ ನಿಜವಾಗಿ ನಡೆದದ್ದನ್ನೇ ಬರೆಯಬೇಕು ಎಂದು ಹೇಳಿದೆ. ತಮ್ಮನ ಸೈಕಲ್ಲಿನ ಮಾತು ತೆಗೆದಿದ್ದ ಹುಡುಗಿ ಬರೆದುಕೊಂಡು ಬಂದ ವಾಕ್ಯ ಹೀಗಿತ್ತು: ‘ವಿ ಪೆಸ್ಟರ್ಡ್ ಅವರ್ ಹೆಡ್‌ಮಾಸ್ಟರ್ ಇಂಟು ಓಪನಿಂಗ್ ದ ಲೈಬ್ರರಿ ರೂಮ್.’